ಮೈಸೂರು ಬಿಟ್ಟು ಹೊರಟ ವೀಣೆ

ಕೆಲಸಕ್ಕಾಗಿ ಊರು ಬಿಟ್ಟು ಕ್ಯಾನ್ಯನ್ ಪಾರ್ಕ್ ಸೇರಿದ ನಮಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಬದುಕು ಹತ್ತಿರದ್ದೆನಿಸುತ್ತದೆ. 1920ರಲ್ಲಿ ಹುಟ್ಟಿದ ಅವರು ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು. ಬಾಲಕರಾಗಿದ್ದಾಗಲೇ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ನುಡಿಸಿದವರು.

ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ್ದ ಮೈಸೂರು ಆಕಾಶವಾಣಿ 1955ರಲ್ಲಿ ಬೆಂಗಳೂರಿಗೆ ಹೋಯಿತು. ಅಯ್ಯಂಗಾರ್ಯರೂ ಅಲ್ಲಿ ಸಂಗೀತ ನಿರ್ಮಾಪಕರಾದರು. ಗುರುವಿನ ಊರು, ಅರಮನೆಯ ಊರು ಬಿಟ್ಟು ಸರ್ಕಾರಿ ನೌಕರಿಗೆ! ಸಣ್ಣ ಮಾತಲ್ಲ. ಆದರೆ ದರ್ಬಾರಿನಲ್ಲಿ ಬೆಳೆದ ಮೈಸೂರು ಬಾನಿ ರೇಡಿಯೊ ಇದ್ದ ಮನೆಗಳಿಗೆಲ್ಲ ಬಂತು. ಕೃಷ್ಣ ಊರು ಬಿಡುವ ಕಥೆಯಾದ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ಕ್ಕೆ ಸಂಗೀತ ಕೂಡಿಸಿದವರೂ ಅವರೇ.

1983ರಲ್ಲಿ ಪದ್ಮಭೂಷಣ, ಮರುವರ್ಷ ಮದ್ರಾಸಿನ ಸಂಗೀತ ಕಲಾನಿಧಿ. 1997ರಲ್ಲಿ ತೀರಿಕೊಂಡರು. ಮಗ ಡಿ. ಬಾಲಕೃಷ್ಣ ಅದೇ ಬಾನಿಯ ವೈಣಿಕರಾದರು.