ಸೋಲದ ಸೇನಾಪತಿಗೆ ಬಂದ ವಜಾ ಆದೇಶ

ಹಝ್ರತ್ ಖಾಲಿದ್ ಬಿನ್ ವಲೀದ್(ರ) ಅವರ ಹೆಸರು ಕೇಳದವರು ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ದಾದಾ ಅವರ ಯುದ್ಧಗಳ ಕಥೆಯನ್ನು ಉರ್ದುವಿನಲ್ಲಿ ಹೇಳುತ್ತಿದ್ದರು. ಆದರೆ ಕಥೆ ಯಾವಾಗಲೂ ಯರ್ಮೂಕ್ ಗೆಲುವಿಗೇ ನಿಂತುಬಿಡುತ್ತಿತ್ತು. ಅವರ ಜೀವನದ ದೊಡ್ಡ ಪರೀಕ್ಷೆ ಶುರುವಾಗುವುದೇ ಅದರ ನಂತರ ಎಂದು ನನಗೆ ಅನಿಸುತ್ತದೆ.

ಅವರು ಮಕ್ಕಾದ ಕುರೈಶರಲ್ಲಿ ಮಖ್ಝೂಮ್ ಮನೆತನದವರು, ಶ್ರೀಮಂತರ ಮಗ. 625ರಲ್ಲಿ ಉಹುದ್‌ನಲ್ಲಿ ಮುಸ್ಲಿಮರ ವಿರುದ್ಧವೇ ಹೋರಾಡಿದ್ದರು. 629ರಲ್ಲಿ ಇಸ್ಲಾಮ್ ಸ್ವೀಕರಿಸಿದರು. ಅದೇ ವರ್ಷ ಮುಅತಾದಲ್ಲಿ ಮೂವರು ನಾಯಕರು ಒಬ್ಬರ ಹಿಂದೆ ಒಬ್ಬರು ಹುತಾತ್ಮರಾದಾಗ ಧ್ವಜ ಹಿಡಿದು, ಉಳಿದ ಸೈನ್ಯವನ್ನು ವಾಪಸ್ ಕರೆತಂದರು. ಆ ದಿನ ಅವರ ಕೈಯಲ್ಲಿ ಒಂಬತ್ತು ಕತ್ತಿಗಳು ಮುರಿದವು. ಅಲ್ಲಾಹನ ಖಡ್ಗ ಎಂಬ ಬಿರುದು ಅವರಿಗೆ ಪ್ರವಾದಿ(ಸ) ಅವರಿಂದಲೇ ಬಂತು.

630ರಲ್ಲಿ ಹುನೈನ್ ಯುದ್ಧ. ಮುಸ್ಲಿಮರು ಸುಮಾರು 12,000 ಮಂದಿ ಇದ್ದರು. ಇಷ್ಟು ಜನ ಇದ್ದ ಮೇಲೆ ಸೋಲೆಲ್ಲಿ ಎಂದು ಕೆಲವರಿಗೆ ಅನಿಸಿತು. ಮೊದಲ ಏಟಿಗೇ ಸೈನ್ಯ ಚದುರಿಹೋಯಿತು. ಖಾಲಿದ್ ಕೂಡ ಅಲ್ಲಿದ್ದರು. ಆ ದಿನದ ಪಾಠವನ್ನು ಖಲೀಫಾ ಉಮರ್(ರ) ಮರೆತಿರಲಿಲ್ಲ.

634ರಲ್ಲಿ ಉಮರ್ ಖಲೀಫಾ ಆದ ಕೂಡಲೇ ಖಾಲಿದ್‌ರನ್ನು ಮುಖ್ಯ ಸೇನಾಪತಿ ಸ್ಥಾನದಿಂದ ಇಳಿಸಿ ಅಬೂ ಉಬೈದಾ(ರ) ಅವರಿಗೆ ಕೊಟ್ಟರು. ಖಾಲಿದ್ ಅವರ ಕೈಕೆಳಗೇ ದುಡಿದರು. 636ರಲ್ಲಿ ಯರ್ಮೂಕ್‌ನಲ್ಲಿ ರೋಮನ್ನರ ದೊಡ್ಡ ಸೈನ್ಯ ಸೋತಿತು. ಖಾಲಿದ್ ಇದ್ದಲ್ಲಿ ಗೆಲುವು ಎಂಬ ಮಾತು ಜನರ ನಡುವೆ ಬೇರೂರಿತು.

ಆಮೇಲೆ ಅವರು ಒಬ್ಬ ಕವಿತೆಗಾರನಿಗೆ 10,000 ದಿರ್ಹಮ್ ಬಹುಮಾನ ಕೊಟ್ಟ ಸುದ್ದಿ ಮದೀನಾ ಮುಟ್ಟಿತು. ಉಮರ್ ವಿಚಾರಣೆ ಮಾಡಿಸಿದರು. ದುಡ್ಡು ಸ್ವಂತದ್ದೋ, ಬೈತುಲ್ ಮಾಲ್‌ನದ್ದೋ? ನಾವು ಕಾಮರ್ಸ್‌ನವರು ಇದಕ್ಕೆ ಆಡಿಟ್ ಅನ್ನುತ್ತೇವೆ! ಎಲ್ಲರ ಎದುರು, ಅವರದೇ ಪೇಟದಿಂದ ಅವರನ್ನು ಕಟ್ಟಿ ಕೇಳಲಾಯಿತು. ಸ್ವಂತ ದುಡ್ಡು ಎಂದು ಗೊತ್ತಾಯಿತು. ಆದರೂ ಹುದ್ದೆ ಹೋಯಿತು. ಉಮರ್ ಎಲ್ಲ ಪ್ರಾಂತ್ಯಗಳಿಗೆ ಪತ್ರ ಬರೆಸಿದರು: ಕೋಪದಿಂದಾಗಲಿ, ಮೋಸ ಕಂಡಾಗಲಿ ತೆಗೆದದ್ದಲ್ಲ, ಜನ ಖಾಲಿದ್‌ರ ಮೇಲೆ ಭರವಸೆ ಇಡತೊಡಗಿದ್ದರು, ಗೆಲ್ಲಿಸುವವನು ಅಲ್ಲಾಹ್ ಎಂದು ಅವರು ತಿಳಿಯಬೇಕಿತ್ತು.

ಲೆಕ್ಕ ಸರಿಯಿದ್ದರೂ ಕೆಲಸ ಹೋಯಿತಲ್ಲ, ಇದು ಅನ್ಯಾಯ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಆ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಆದರೆ ಅವರು ಬಂಡಾಯ ಏಳಲಿಲ್ಲ. ಅವರಿಗಾಗಿ ಕತ್ತಿ ಎತ್ತುವವರು ಸೈನ್ಯದಲ್ಲಿ ಕಡಿಮೆ ಇರಲಿಲ್ಲ. ಅವರಿಲ್ಲದೆಯೇ ಈಜಿಪ್ಟ್ ಕೈಸೇರಿತು, 642ರಲ್ಲಿ ನಹಾವಂದ್‌ನಲ್ಲಿ ಪರ್ಷಿಯನ್ನರ ಸೈನ್ಯವೂ ಸೋತಿತು.

ಅದೇ 642ರಲ್ಲಿ ಅವರು ತೀರಿಕೊಂಡರು. ಹಿಮ್ಸ್ ನಗರದಲ್ಲಿ ಎಂದು ಹೆಚ್ಚಿನ ಇತಿಹಾಸಕಾರರು ಬರೆದಿದ್ದಾರೆ. ಮೈತುಂಬ ಗಾಯದ ಗುರುತುಗಳಿದ್ದರೂ ಸಾವು ಬಂದದ್ದು ಹಾಸಿಗೆಯಲ್ಲಿ. ಆ ನೋವು ಅವರಿಗಿತ್ತು. ಬಿಟ್ಟುಹೋದದ್ದು ಕುದುರೆ, ಆಯುಧ, ಒಬ್ಬ ಗುಲಾಮ. ಅಷ್ಟನ್ನೂ ನೋಡಿಕೊಳ್ಳುವ ಹೊಣೆಯನ್ನು ಅವರು ಒಪ್ಪಿಸಿದ್ದು ಉಮರ್ ಅವರಿಗೇ.