ಸುರಂಜನ್ ದಾಸ್ ಹರಿದಾಸರಲ್ಲ

ಮೊದಲೇ ಒಪ್ಪಿಕೊಂಡು ಬಿಡ್ತೀನಿ. ಹೋದ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ಹಳೇ ಮದ್ರಾಸ್ ರೋಡಿನಿಂದ ಹಳೇ ಏರ್‌ಪೋರ್ಟ್ ರೋಡಿನ ಕಡೆ ಹೋಗೋ ಬಸ್ಸಿನಲ್ಲಿ ಕೂತು ಸುರಂಜನ್ ದಾಸ್ ರಸ್ತೆ ಅನ್ನೋ ಬೋರ್ಡ್ ನೋಡಿದೆ. ಇವರು ಯಾರೋ ಹರಿದಾಸರಿರಬೇಕು ಅಂದುಕೊಂಡೆ. ತಪ್ಪು ಪೂರ್ತಿ ನನ್ನದಲ್ಲ. ಕುಷ್ಟಗಿ ಕಡೆಯವರಿಗೆ ದಾಸರು ಅಂದ ಕೂಡಲೇ ಕನಕದಾಸರು, ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ನೆನಪಾಗ್ತಾರೆ. ಪಕ್ಕದಲ್ಲಿದ್ದ ಗಂಗಾವತಿ ಗೆಳೆಯ ಫೋನಿನಲ್ಲಿ ಹುಡುಕಿ ಬಿದ್ದು ಬಿದ್ದು ನಕ್ಕ. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟ. ಅದರಲ್ಲಿ ತಂಬೂರಿ ಇರಲಿಲ್ಲ, ಯುದ್ಧವಿಮಾನ ಇತ್ತು.

ಊರಿಗೆ ಬಂದ ಮೇಲೂ ಆ ಹೆಸರು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಲೇಖನ.

ಸುರಂಜನ್ ದಾಸ್ ಹುಟ್ಟಿದ್ದು 1920ರ ಫೆಬ್ರವರಿ 22ರಂದು, ಬಂಗಾಳಿ ಕುಟುಂಬದಲ್ಲಿ. ಅಪ್ಪ ಸುಧಿ ರಂಜನ್ ದಾಸ್ ದೊಡ್ಡ ವಕೀಲರು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿ ಆದವರು. ಅಂಥ ಮನೆಯ ಹುಡುಗ ಕಪ್ಪು ಕೋಟು ಹಾಕಬೇಕಿತ್ತು ಅಂತ ಯಾರಿಗಾದರೂ ಅನಿಸುತ್ತೆ. ಇವರು ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆ ಸೇರಿದರು. ಮುಂದೆ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ಕಲಿತ ಮೊದಲ ಕೆಲವು ಭಾರತೀಯರಲ್ಲಿ ಒಬ್ಬರಾದರು.

ಟೆಸ್ಟ್ ಪೈಲಟ್ ಅಂದ್ರೆ ಏನು ಕೆಲಸ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಸೈನ್ ಮಾಡಿದವರು ಪೇಪರ್ ಮೇಲೆ ಬರೆದ ಲೆಕ್ಕ ಸರಿನಾ ತಪ್ಪಾ ಅಂತ ತನ್ನ ಮೈಯನ್ನೇ ಪಣಕ್ಕಿಟ್ಟು ನೋಡೋದು. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ತಪ್ಪಾದರೆ ಮತ್ತೊಮ್ಮೆ ತಗೋಬಹುದು.

ದಾಸ್ ಬೆಂಗಳೂರಿನ ಎಚ್‌ಎಎಲ್‌ಗೆ ಬಂದ ಕಾಲಕ್ಕೆ ಅಲ್ಲಿ ದೊಡ್ಡ ಕನಸೊಂದು ನಡೀತಾ ಇತ್ತು. ಜರ್ಮನಿಯ ಫೋಕೆ-ವುಲ್ಫ್ ವಿಮಾನಗಳ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಇಂಜಿನಿಯರುಗಳ ಜೊತೆ ಎಚ್‌ಎಫ್-24 ಮರುತ್ ಅನ್ನೋ ಯುದ್ಧವಿಮಾನ ರೂಪಿಸ್ತಾ ಇದ್ದರು. ಮೊದಲು ಅದೇ ಆಕಾರದ, ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಟ್ಟು, ಹೇಗೆ ಹಾರುತ್ತೆ ಅಂತ ನೋಡಿದರು. ಇಂಜಿನ್ ಇಲ್ಲದ ಯುದ್ಧವಿಮಾನ! ನನಗಂತೂ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ. 1961ರ ಜೂನ್ 17ರಂದು ಇಂಜಿನ್ ಇರುವ ಮೊದಲ ಮರುತ್ ಅನ್ನು ಮೇಲಕ್ಕೆ ಒಯ್ದವರು ದಾಸ್. ಒಂದು ವಾರದ ನಂತರ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಮುಂದೆ ಮತ್ತೆ ಹಾರಿಸಿ ತೋರಿಸಿದರು. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು.

ಎಲ್ಲರೂ ಬರೆಯೋದು ಇಷ್ಟನ್ನೇ. ನನ್ನ ತಲೆಯಲ್ಲಿ ಉಳಿದಿದ್ದು ಬೇರೆ ಪ್ರಶ್ನೆ. ಆಗ ಎಚ್‌ಎಎಲ್ ರನ್‌ವೇನೇ ಬೆಂಗಳೂರಿನ ನಾಗರಿಕ ವಿಮಾನ ನಿಲ್ದಾಣ ಕೂಡ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಶುರುವಾಗೋವರೆಗೂ ಊರಿನ ಪ್ರಯಾಣಿಕರೆಲ್ಲ ಅಲ್ಲೇ ಇಳೀತಿದ್ದರು. ಹಾಗಾದ್ರೆ ಯಾವತ್ತೂ ಹಾರಿರದ ಜೆಟ್ಟು, ಮಕ್ಕಳು ಮರಿ ಕೂತಿರೋ ವಿಮಾನ, ಎರಡೂ ಒಂದೇ ಆಕಾಶದಲ್ಲಿ ಹೇಗೆ?

ಯಲಬುರ್ಗಾ ಕಡೆ ಹೊಲದಲ್ಲಿ ನಿಂತು ಮೇಲೆ ನೋಡಿದರೆ ಬಿಳಿ ಗೆರೆ ಎಳೆದುಕೊಂಡು ವಿಮಾನಗಳು ಹೋಗ್ತಿರುತ್ತವೆ. ಇಷ್ಟು ದೊಡ್ಡ ಆಕಾಶ, ಡಿಕ್ಕಿ ಆಗೋಕೆ ಸಾಧ್ಯನೇ ಇಲ್ಲ ಅನಿಸುತ್ತೆ. ಒಂದು ಸಣ್ಣ ಲೆಕ್ಕ ಮಾಡಿ. ಎರಡು ಜೆಟ್‌ಗಳು ಎದುರುಬದುರು, ತಲಾ ಗಂಟೆಗೆ 900 ಕಿ.ಮೀ. ಹತ್ತಿರವಾಗುವ ವೇಗ ಸೆಕೆಂಡಿಗೆ 500 ಮೀಟರ್. 10 ಕಿ.ಮೀ. ದೂರ ಮುಗಿಯೋಕೆ 20 ಸೆಕೆಂಡು. ಎದುರಿನದನ್ನು ಕಂಡು, ಅರ್ಥ ಮಾಡಿಕೊಂಡು, ವಿಮಾನ ತಿರುಗಿಸೋಕೆ ಪೈಲಟ್‌ಗೆ ಸುಮಾರು 12.5 ಸೆಕೆಂಡು ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಹೇಳುತ್ತೆ. ಅಂದ್ರೆ ಉಳಿದದ್ದು ಏಳೂವರೆ ಸೆಕೆಂಡು. ಅದೂ 10 ಕಿ.ಮೀ. ದೂರದಲ್ಲೇ ಕಣ್ಣಿಗೆ ಬಿದ್ದಿದ್ದರೆ. ಇನ್ನೂ ಒಂದು ಮೋಸ ಇದೆ. ಡಿಕ್ಕಿ ಹೊಡೆಯೋ ದಾರಿಯಲ್ಲಿರೋ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯೋದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಾಗಿ ನಿಂತು, ಕೊನೆಗೆ ಒಮ್ಮೆಲೇ ದೊಡ್ಡದಾಗುತ್ತೆ. ನಮ್ಮ ಕಣ್ಣು ಚಲಿಸೋದನ್ನು ಬೇಗ ಹಿಡಿಯುತ್ತೆ, ನಿಂತ ಚುಕ್ಕೆಯನ್ನಲ್ಲ.

ಪ್ರಯಾಣಿಕ ವಿಮಾನಗಳನ್ನು ದೂರ ಇಡೋದು ಒಂದು ಮಟ್ಟಿಗೆ ಸುಲಭ. ಅವು ಗೆರೆ ಮೇಲೆ ಹೋಗ್ತವೆ. ಪೂರ್ವಕ್ಕೆ ಹೋಗೋದಕ್ಕೆ ಬೆಸ ಎತ್ತರ, ಪಶ್ಚಿಮಕ್ಕೆ ಸಮ ಎತ್ತರ, ನಡುವೆ 1,000 ಅಡಿ. ಟೆಸ್ಟ್ ಅಥವಾ ತರಬೇತಿ ವಿಮಾನ ಹಾಗಲ್ಲ. ಅದನ್ನು ಬೇಕಂತಲೇ ಸ್ಪಿನ್‌ಗೆ ಹಾಕ್ತಾರೆ, ಮೂತಿ ಕೆಳಗೆ ಮಾಡಿ ಡೈವ್ ಹೊಡೀತಾರೆ, ತಲೆಕೆಳಗು ಮಾಡ್ತಾರೆ. ಕೆಲವೇ ಕ್ಷಣಗಳಲ್ಲಿ ಸಾವಿರಾರು ಅಡಿ ಕಳೆದುಹೋಗುತ್ತೆ. ಅದಕ್ಕೆ ಗೆರೆ ಸಾಲದು, ಡಬ್ಬಿ ಬೇಕು. ಉದ್ದ, ಅಗಲ, ಕೆಳಗಿನ ಎತ್ತರ, ಮೇಲಿನ ಎತ್ತರ, ಜೊತೆಗೆ ಗಡಿಯಾರದ ಸಮಯ. ಇಂತಿಷ್ಟು ಹೊತ್ತು ಈ ಡಬ್ಬಿಯೊಳಗೆ ಬೇರೆ ಯಾರೂ ಬರಬೇಡಿ ಅಂತ ಪೈಲಟ್‌ಗಳಿಗೆಲ್ಲ ನೋಟಿಸ್ ಹೋಗುತ್ತೆ. ಇವತ್ತು ಯಾವ ವಿಮಾನ ಎಲ್ಲಿದೆ ಅಂತ ತೋರಿಸೋ ಟ್ರಾನ್ಸ್‌ಪಾಂಡರ್, ಡಿಕ್ಕಿ ತಪ್ಪಿಸೋ ಟಿಕ್ಯಾಸ್ ಎಲ್ಲ ಇವೆ. ದಾಸ್ ಮರುತ್ ಹಾರಿಸೋ ಕಾಲಕ್ಕೆ ಟಿಕ್ಯಾಸ್ ಅನ್ನೋ ಯಂತ್ರ ಹುಟ್ಟಿರಲೇ ಇಲ್ಲ.

1964ರ ಸೆಪ್ಟೆಂಬರ್ 4ರಂದು ದಾಸ್ ಇನ್ನೊಂದು ವಿಮಾನವನ್ನು ಮೊದಲ ಸಲ ಹಾರಿಸಿದರು. ವಿ. ಎಂ. ಘಾಟಗೆ ಅವರ ತಂಡದ ಕಿರಣ್. ಇದು ಯುದ್ಧಕ್ಕಲ್ಲ, ಪಾಠಕ್ಕೆ. ಗುರು, ಶಿಷ್ಯ ಅಕ್ಕಪಕ್ಕ ಕೂತು ಹಾರೋ ಜೆಟ್. ಮರುತ್ ಹೆಸರು ದೊಡ್ಡದು ನಿಜ, ಆದರೆ ನನ್ನ ಪ್ರಕಾರ ದಾಸ್ ಕೈಯಿಂದ ಹೆಚ್ಚು ಜನರಿಗೆ ಮುಟ್ಟಿದ್ದು ಕಿರಣ್. ದಶಕಗಳ ಕಾಲ ವಾಯುಪಡೆಯ ಹುಡುಗರು ಅದರಲ್ಲೇ ಕಲಿತರು. 1996ರಲ್ಲಿ ನಮ್ಮ ಕಲಬುರಗಿ ವಿಭಾಗದ್ದೇ ಆದ ಬೀದರ್‌ನಲ್ಲಿ ಶುರುವಾದ ಸೂರ್ಯಕಿರಣ್ ತಂಡ ಹಾರಿಸಿದ್ದು ಇದೇ ಕಿರಣ್‌ನ ಮುಂದಿನ ಆವೃತ್ತಿ. 2020ರ ಫೆಬ್ರವರಿಯಲ್ಲಿ ಅದೇ ಬೀದರ್ ವಾಯುನೆಲೆಯಿಂದ ಬೆಂಗಳೂರಿಗೆ ಪ್ರಯಾಣಿಕ ವಿಮಾನ ಶುರುವಾಯಿತು. ಜೆಟ್ ಕಲಿಯೋರು, ಟಿಕೆಟ್ ತಗೊಂಡೋರು ಇಬ್ಬರೂ ಒಂದೇ ರನ್‌ವೇ ಮೇಲೆ. ಎಚ್‌ಎಎಲ್‌ನ ಹಳೇ ಪ್ರಶ್ನೆ ನಮ್ಮ ಕಡೆಗೇ ಬಂತು.

ಡಬ್ಬಿ ಸೋರಿದರೆ ಏನಾಗುತ್ತೆ ಅನ್ನೋದಕ್ಕೆ 1971ರ ಜುಲೈ 30ರ ಜಪಾನ್ ನೋಡಿ. ಗುರುವಿನ ಜೆಟ್ ಹಿಂದೆ ಶಿಷ್ಯನ ಸೇಬರ್ ಜೆಟ್. ತರಬೇತಿ ನಡೀತಾ ನಡೀತಾ ಇಬ್ಬರೂ ಪ್ರಯಾಣಿಕ ವಿಮಾನಗಳ ದಾರಿಗೆ ಬಂದುಬಿಟ್ಟರು. ಶಿಷ್ಯನ ವಿಮಾನ, ಬೋಯಿಂಗ್ 727 ಒಂದಕ್ಕೊಂದು ಬಡಿದವು. ಶಿಷ್ಯ ಹೊರಗೆ ಹಾರಿ ಬದುಕಿದ. ಬೋಯಿಂಗ್‌ನಲ್ಲಿದ್ದ 162 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಮ್ಮಲ್ಲಿ ಉಲ್ಟಾ ಆಯಿತು. ದೆಹಲಿ ಸುತ್ತಲಿನ ಆಕಾಶದಲ್ಲಿ ಬಹುಪಾಲು ವಾಯುಪಡೆಗೆ ಮೀಸಲಾಗಿದ್ದರಿಂದ, ಬರೋ ಹೋಗೋ ನಾಗರಿಕ ವಿಮಾನಗಳಿಗೆ ಒಂದೇ ಓಣಿ ಉಳಿದಿತ್ತು. 1996ರ ನವೆಂಬರ್ 12ರ ಸಂಜೆ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747 ಮೇಲೇರ್ತಾ ಇತ್ತು, ಕಜಕಸ್ತಾನದ ವಿಮಾನ ಕೆಳಗಿಳೀತಾ ಇತ್ತು. ಕಜಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗೆ ಬಂತು. ಸತ್ತವರು 349 ಜನ. ಅದಾದ ಮೇಲೆ ಓಣಿಗಳು ಬೇರೆಯಾದವು, ಭಾರತದಲ್ಲಿ ಟಿಕ್ಯಾಸ್ ಕಡ್ಡಾಯವಾಯಿತು. ಅಂದ್ರೆ ಡಬ್ಬಿ ತೀರಾ ಚಿಕ್ಕದಾದರೂ ಕಷ್ಟ, ತೀರಾ ದೊಡ್ಡದಾದರೂ ಕಷ್ಟ. ಟಿಕ್ಯಾಸ್ ಇದೆಯಲ್ಲ ಅನ್ನಬೇಡಿ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರ ಕೊಟ್ಟರೆ ಮಾತ್ರ ಅದಕ್ಕೆ ಕಣ್ಣು. ಉತ್ತರ ಬರದಿದ್ದರೆ ಅದು ಕುರುಡು.

ಮತ್ತೆ ದಾಸ್ ಹತ್ತಿರ ಬರ್ತೀನಿ. ಮರುತ್‌ಗೆ ದೇಹ ಚೆನ್ನಾಗಿತ್ತು, ಇಂಜಿನ್ ಸಾಲದಾಗಿತ್ತು. ಟ್ಯಾಂಕ್ ಲೆಕ್ಕ ಹಾಕಿದ್ದ ಶಕ್ತಿಶಾಲಿ ಇಂಜಿನ್ ಬರಲೇ ಇಲ್ಲ, ಆರ್ಫಿಯಸ್ 703 ಹಾಕಿಯೇ ಹಾರಿಸಬೇಕಾಯಿತು. ಶಬ್ದದ ವೇಗ ದಾಟಬೇಕಿದ್ದ ವಿಮಾನ ಅದರ ಹತ್ತಿರ ಹೋಗಿ ಏದುಸಿರು ಬಿಡ್ತಿತ್ತು. ಅದಕ್ಕೆ ಹಿಂದಿನ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಉರಿಸೋ ರೀಹೀಟ್ ಜೋಡಿಸಿ ಮಾರ್ಕ್ 1ಆರ್ ಅನ್ನೋ ಮಾದರಿ ಮಾಡಿದರು. ಅದನ್ನು ಪರೀಕ್ಷಿಸೋ ಕೆಲಸ ಮುಖ್ಯ ಟೆಸ್ಟ್ ಪೈಲಟ್ ಆಗಿದ್ದ ಗ್ರೂಪ್ ಕ್ಯಾಪ್ಟನ್ ದಾಸ್ ಅವರದು.

1970ರ ಜನವರಿ 10. ಟೇಕಾಫ್ ಹೊತ್ತಿಗೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳದ ಲಾಕ್ ಕೈಕೊಟ್ಟಿತು. ವಿಮಾನ ಬಿತ್ತು, ದಾಸ್ ಉಳಿಯಲಿಲ್ಲ. ಹೊಸ ಇಂಜಿನ್ ವ್ಯವಸ್ಥೆಯಲ್ಲ, ಎದುರಿಂದ ಬಂದ ಇನ್ನೊಂದು ವಿಮಾನವೂ ಅಲ್ಲ, ಮುಚ್ಚಳದ ಒಂದು ಲಾಕ್. ಐವತ್ತು ತುಂಬೋಕೆ ಆರು ವಾರ ಬಾಕಿ ಇತ್ತು. ಆ ವರ್ಷ ಅವರಿಗೆ ಮರಣೋತ್ತರವಾಗಿ ಪದ್ಮ ಪ್ರಶಸ್ತಿ ಬಂತು. ಎಚ್‌ಎಎಲ್ ಪಕ್ಕದ ರಸ್ತೆಗೆ ಅವರ ಹೆಸರು ಇಟ್ಟರು. ಮರುದ ವರ್ಷದ ಯುದ್ಧದಲ್ಲಿ ಅವರು ಪಳಗಿಸಿದ ಮರುತ್‌ಗಳು ರಾಜಸ್ಥಾನದ ಮರುಭೂಮಿ ಮೇಲೆ ಹಾರಿದವು, ಅದನ್ನು ನೋಡೋಕೆ ಅವರಿರಲಿಲ್ಲ.

ಬೆಂಗಳೂರಿನಿಂದ ವಾಪಸ್ ಬರೋ ದಿನ ಅದೇ ರಸ್ತೆಯಲ್ಲಿ ಮತ್ತೆ ಹೋದೆವು. ಟ್ರಾಫಿಕ್ ಜಾಮ್, ಹಾರ್ನ್ ಸದ್ದು. ಕಂಡಕ್ಟರ್ ಅವಸರದಲ್ಲಿ ಆ ಹೆಸರನ್ನು ಅರ್ಧ ನುಂಗಿ ಕೂಗಿದರು, ನಾಲ್ಕು ಜನ ಇಳಿದರು. ಅಷ್ಟರಲ್ಲಿ ಎಚ್‌ಎಎಲ್ ಕಡೆಯಿಂದ ಒಂದು ಜೆಟ್ ಎದ್ದ ಸದ್ದು ಬಂತು. ನಾನು ಗೆಳೆಯ ಇಬ್ಬರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹುಡುಕಿದೆವು, ಕಾಣಲಿಲ್ಲ.