ಗಂಡುಗಲಿಯಾಗಿ ಬಂದ ಶಂಕರ್‌ನಾಗ್

ಶಂಕರ್‌ನಾಗ್ ಯಾರು ಅಂತ ನಮ್ಮ ಶಾಲೆಯಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತೆ. ಆಟೋ ಹಿಂದೆ ಇರೋ ಚಿತ್ರ, ಸಾಂಗ್ಲಿಯಾನ, ಕರಾಟೆ ಕಿಂಗ್. ಅಷ್ಟೇ. ಬಿಡುವಿನ ವೇಳೆಯಲ್ಲಿ ಮೈದಾನದಲ್ಲಿ ಕಾಲೆತ್ತಿ ಒದೆಯೋ ಹುಡುಗರೂ ಅವರ ಹೆಸರನ್ನೇ ಹೇಳ್ತಾರೆ. ಆದರೆ ಅವರು ಮೊಟ್ಟಮೊದಲು ಕಾಳಗ ಮಾಡಿದ ಸಿನಿಮಾ ಯಾವುದು ಅಂದರೆ ಬಾಯಿ ಬಿಡೋರು ಕಡಿಮೆ. ಅದಕ್ಕೇ ಈ ಸಲ ಅವರ ಜೀವನ ಚರಿತ್ರೆ ಬರೆಯುವಾಗ ಆ ಸಿನಿಮಾಗೆ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ತಂದೆ ಸದಾನಂದ, ತಾಯಿ ಆನಂದಿ. ನಟ ಅನಂತ್‌ನಾಗ್ ಇವರ ಅಣ್ಣ. ಓದು ಮುಗಿಸಿ ಮುಂಬಯಿಯಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದರು. ಹಗಲು ಲೆಕ್ಕಪತ್ರ, ಸಂಜೆಯಾದರೆ ನಾಟಕ. ಮರಾಠಿ ರಂಗಭೂಮಿ ಅವರನ್ನು ಹಿಡಿದುಕೊಂಡಿತು. ಮುಂದೆ ಅವರ ಹೆಂಡತಿಯಾದ ಅರುಂಧತಿಯವರ ಪರಿಚಯವಾದದ್ದೂ ನಾಟಕದಿಂದಲೇ. 1979ರ 22 ಜೂನ್ 1897 ಎಂಬ ಮರಾಠಿ ಸಿನಿಮಾದ ಚಿತ್ರಕಥೆಯಲ್ಲೂ ಅವರ ಕೈ ಇದೆ. ಚಾಪೇಕರ್ ಸಹೋದರರ ಕಥೆ ಅದು. ಸಮಾಜ ವಿಜ್ಞಾನದ ಪಾಠದಲ್ಲಿ ಆ ಹೆಸರು ಕೇಳಿರಬಹುದು.

ಇಲ್ಲಿ ಒಂದು ನಿಮಿಷ ಜಪಾನಿಗೆ ಹೋಗಿ ಬರೋಣ. ಶಂಕರ್ ಹುಟ್ಟಿದ 1954ರಲ್ಲೇ ಅಕಿರಾ ಕುರೊಸಾವಾ ಎಂಬ ನಿರ್ದೇಶಕರು ಸೆವೆನ್ ಸಮುರಾಯ್ ಎಂಬ ಸಿನಿಮಾ ತೆಗೆದರು. ದರೋಡೆಕೋರರ ಕಾಟ ತಾಳಲಾರದ ಒಂದು ಹಳ್ಳಿಯ ರೈತರು ಅನ್ನ ಕೊಟ್ಟು ಏಳು ಜನ ಕತ್ತಿವೀರರನ್ನು ಕರೆಸಿಕೊಳ್ಳೋ ಕಥೆ. ಆಮೇಲೆ 1961ರಲ್ಲಿ ಯೊಜಿಂಬೊ ಬಂತು. ಒಂದೇ ಊರಿನಲ್ಲಿ ಎರಡು ಗುಂಪು, ನಡುವೆ ಕೂಲಿಗೆ ಕಾದಾಡೋ ಒಬ್ಬ ಕತ್ತಿವೀರ. ಅತ್ತ ಹಾಂಗ್‌ಕಾಂಗ್‌ನಲ್ಲಿ ಕುಂಗ್‌ಫು ಸಿನಿಮಾಗಳು ಬರುತ್ತಿದ್ದವು. 1973ರಲ್ಲಿ ಬ್ರೂಸ್ ಲೀ ನಟಿಸಿದ ಎಂಟರ್ ದ ಡ್ರ್ಯಾಗನ್ ಜಗತ್ತನ್ನೆಲ್ಲ ಕುಣಿಸಿಬಿಟ್ಟಿತು. ಪಾಪ, ಅದು ತೆರೆಗೆ ಬರುವ ಮೊದಲೇ, ಜುಲೈ 20ರಂದು, ಅವರು ತೀರಿಕೊಂಡಿದ್ದರು. ಆಗ ವಯಸ್ಸು ಬರೀ 32. (ಕುಂಗ್‌ಫು ಚೀನಾದ್ದು, ಕರಾಟೆ ಜಪಾನಿನದ್ದು. ಎರಡನ್ನೂ ಒಂದೇ ಅಂತ ಜಗಳ ಆಡೋರು ಇದನ್ನು ಓದಿಕೊಳ್ಳಿ.)

ನಮ್ಮ ಗಿರೀಶ ಕಾರ್ನಾಡರಿಗೆ ಕುರೊಸಾವಾ ಅಂದರೆ ಬಲು ಮೆಚ್ಚು. ಅಂಥ ಒಂದು ಸಿನಿಮಾ ಕನ್ನಡದ ಮಣ್ಣಿನಲ್ಲೇ ಆಗಬೇಕು ಅಂತ 1978ರಲ್ಲಿ ಒಂದಾನೊಂದು ಕಾಲದಲ್ಲಿ ತೆಗೆದರು. ಅದರ ನಾಯಕ ಗಂಡುಗಲಿ. ಆ ಪಾತ್ರಕ್ಕೆ ಅವರು ಆರಿಸಿದ್ದು ಅಲ್ಲಿಯವರೆಗೂ ಯಾವ ಕನ್ನಡ ಸಿನಿಮಾದಲ್ಲೂ ಮುಖ ತೋರಿಸದ ಶಂಕರ್ ಅವರನ್ನು.

ಕಥೆ 13ನೇ ಶತಮಾನದ್ದು. ಸಣ್ಣ ಸಣ್ಣ ನಾಯಕರು, ಅವರೊಳಗೇ ದಾಯಾದಿ ಜಗಳ. ಅಣ್ಣತಮ್ಮಂದಿರಿಬ್ಬರು ಕಾದಾಡ್ತಿರ್ತಾರೆ. ಗಂಡುಗಲಿಗೆ ಊರಿಲ್ಲ, ನೆಲವಿಲ್ಲ, ಕೈಯಲ್ಲಿರೋದು ಕತ್ತಿ ಮಾತ್ರ. ಯಾರು ಅನ್ನ ಹಾಕಿದರೆ ಅವರ ಪರ ಕಾದಾಡೋ ಕೂಲಿ ಸೈನಿಕ. ಅವನು ಒಬ್ಬನ ಕಡೆ ಸೇರ್ತಾನೆ. ಇನ್ನೊಬ್ಬನ ಕಡೆ ಪೆರ್ಮಾಡಿ ಅನ್ನೋ ಹಳೇ ಹುಲಿ. ಆ ಪಾತ್ರ ಸುಂದರ್‌ಕೃಷ್ಣ ಅರಸ್ ಅವರದು. ಎಂಥ ದನಿ ಅವರದು! ಗುಡುಗು ಹಾಗೆ. ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲೋಕೆ ಸಂಬಳ ತಗೊಂಡವರು. ಆದರೆ ಕಾದಾಡ್ತಾ ಕಾದಾಡ್ತಾ ಎದುರಾಳಿಯ ಕೈಚಳಕ ಎಷ್ಟು ಅಂತ ಅವರಿಬ್ಬರಿಗೇ ಗೊತ್ತಾಗೋದು. ಕೂತು ಆಜ್ಞೆ ಮಾಡೋ ಧಣಿಗಳಿಗೆ ಅದು ತಿಳಿಯೋದಿಲ್ಲ. ಧಣಿಗಳ ಮಾತು ನಂಬೋ ಹಾಗಿಲ್ಲ ಅಂತಾದಾಗ ಈ ಇಬ್ಬರು ವೈರಿಗಳೇ ಕೈ ಸೇರಿಸ್ತಾರೆ. ಮುಂದೇನು ಅಂತ ನಾನು ಹೇಳೋದಿಲ್ಲ, ನೋಡಿಯೇ ತಿಳಿಯಬೇಕು.

ನನಗೆ ಇದು ಯಾಕೆ ಇಷ್ಟ ಅಂದರೆ, ಇಲ್ಲಿ ಒಬ್ಬ ಹೊಡೆದರೆ ಹತ್ತು ಜನ ಗಾಳಿಯಲ್ಲಿ ಹಾರಿಹೋಗೋದಿಲ್ಲ. ಸೈನ್ಯ ಅಂದರೂ ಬೆರಳೆಣಿಕೆಯ ಜನ. ಚಿತ್ರೀಕರಣ ಮಲೆನಾಡಿನ ಕಾಡಿನಲ್ಲೇ ಆಗಿದ್ದರಿಂದ ಮರದ ನೆರಳು, ಮಣ್ಣು, ಬೆವರು ಎಲ್ಲ ನಿಜವಾದದ್ದು. ಕ್ಯಾಮೆರಾ ಹಿಡಿದವರು ಎ.ಕೆ. ಬೀರ್, ಸಂಗೀತ ಭಾಸ್ಕರ್ ಚಂದಾವರ್ಕರ್. ಗರಡಿ ಮನೆಯಲ್ಲಿ ಕುಸ್ತಿ ನೋಡಿದವರಿಗೆ ಗೊತ್ತಿರುತ್ತೆ, ಪಟ್ಟು ಹಾಕೋದಕ್ಕಿಂತ ಮುಂಚೆ ಪೈಲ್ವಾನರು ಒಬ್ಬರ ಕಣ್ಣು ಇನ್ನೊಬ್ಬರು ನೋಡ್ತಾ ಸುತ್ತೋ ಹೊತ್ತೇ ಹೆಚ್ಚು. ಗಂಡುಗಲಿ ಮತ್ತು ಪೆರ್ಮಾಡಿಯ ನಡುವೆ ಅದೇ ಬಿಗಿ ಇದೆ. ಮೊದಲ ಸಿನಿಮಾದಲ್ಲೇ, 24 ವರ್ಷದ ಹುಡುಗ, ಅನುಭವಸ್ಥ ನಟನ ಎದುರು ಒಂದಿಷ್ಟೂ ಹೆದರದೆ ನಿಂತಿದ್ದಾರೆ.

ಆ ಸಿನಿಮಾಗೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ನಾಗ್‌ಗೆ ಅತ್ಯುತ್ತಮ ನಟ ಪ್ರಶಸ್ತಿ, ಬೆಳ್ಳಿ ನವಿಲು. ದೇಶವಿದೇಶದ ನಟರಿದ್ದ ಕಡೆ ನಮ್ಮ ಹೊನ್ನಾವರದ ಹುಡುಗನಿಗೆ!

ಆಮೇಲೆ ಅವರು ನಿಲ್ಲಲೇ ಇಲ್ಲ. 12 ವರ್ಷದಲ್ಲಿ 80ಕ್ಕೂ ಹೆಚ್ಚು ಸಿನಿಮಾ. 1980ರ ಆಟೋ ರಾಜ ಅವರನ್ನು ಆಟೋ ಚಾಲಕರ ಮನೆಮಗನನ್ನಾಗಿ ಮಾಡಿತು. 1988ರಲ್ಲಿ ಸಾಂಗ್ಲಿಯಾನ, 1989ರಲ್ಲಿ ಸಿ.ಬಿ.ಐ. ಶಂಕರ್. ಕರಾಟೆ ಕಿಂಗ್ ಅನ್ನೋ ಬಿರುದು ಬಂದಿದ್ದು ಇಂಥ ಹೊಡೆದಾಟದ ಸಿನಿಮಾಗಳಿಂದ. ಎಲ್ಲವೂ ಚೆನ್ನಾಗಿದ್ದವು ಅಂತ ನಾನು ಹೇಳೋದಿಲ್ಲ. ಕೆಲವಂತೂ ಗಂಡುಗಲಿಯ ಮುಂದೆ ಸಪ್ಪೆ. ನಮ್ಮ ತರಗತಿಯಲ್ಲಿ ಇದಕ್ಕೆ ಜಗಳ ಆಗಬಹುದು, ಆಗಲಿ.

ಆದರೆ ಆ ದುಡ್ಡು, ಆ ಹೆಸರು ಎಲ್ಲಿಗೆ ಹೋಯಿತು ನೋಡಿ. 1980ರಲ್ಲಿ ಮಿಂಚಿನ ಓಟ ನಿರ್ದೇಶಿಸಿದರು, 1981ರಲ್ಲಿ ಗೀತಾ. ಬೆಂಗಳೂರಿನಲ್ಲಿ ಸಂಕೇತ್ ನಾಟಕ ತಂಡ ಕಟ್ಟಿದರು, ಧ್ವನಿಮುದ್ರಣದ ಸ್ಟುಡಿಯೋ ಮಾಡಿದರು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಮಾಲ್ಗುಡಿ ಡೇಸ್ ಅಂತ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಅದು 1986–87ರಲ್ಲಿ ದೂರದರ್ಶನದಲ್ಲಿ ಬಂದಾಗ ಇಡೀ ದೇಶ ನೋಡಿತು. ಅದರಲ್ಲಿ ಸ್ವಾಮಿಯ ಪಾತ್ರ ಮಾಡಿದ್ದು ಮಾಸ್ಟರ್ ಮಂಜುನಾಥ್. ನಂದಿ ಬೆಟ್ಟಕ್ಕೆ ರೋಪ್‌ವೇ ಹಾಕಿಸಬೇಕು ಅನ್ನೋ ಕನಸೂ ಅವರಿಗಿತ್ತು.

1985ರಲ್ಲಿ ಅವರೇ ನಿರ್ದೇಶಿಸಿ ನಟಿಸಿದ ಆಕ್ಸಿಡೆಂಟ್ ಬಂತು. ಅಮಲಿನಲ್ಲಿ ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ ಬಡವರನ್ನು ಕೊಂದ ದೊಡ್ಡವರ ಮಕ್ಕಳ ಕಥೆ. ಅದಕ್ಕೂ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ರಸ್ತೆ ಮೇಲಿನ ಸಾವಿನ ಬಗ್ಗೆ ಅಂಥ ಸಿನಿಮಾ ತೆಗೆದವರ ಸಾವೂ ರಸ್ತೆಯಲ್ಲೇ ಕಾದಿತ್ತು ಅನ್ನೋದನ್ನು ಬರೆಯೋಕೆ ಕಷ್ಟವಾಗುತ್ತೆ. 1990ರ ಸೆಪ್ಟೆಂಬರ್ 30, ಭಾನುವಾರ. ಜೋಕುಮಾರಸ್ವಾಮಿ ಸಿನಿಮಾದ ಕೆಲಸಕ್ಕೆ ಹೊರಟಿದ್ದರು. ದಾವಣಗೆರೆ ಹತ್ತಿರದ ಆನಗೋಡು ಬಳಿ ಅವರ ಕಾರು ಲಾರಿಗೆ ಡಿಕ್ಕಿಯಾಯಿತು. ಜೊತೆಗಿದ್ದ ಅರುಂಧತಿಯವರಿಗೆ ಬಹಳ ಪೆಟ್ಟಾಯಿತು. ಅವರು ಮತ್ತು ಮಗಳು ಕಾವ್ಯ ಉಳಿದರು, ಶಂಕರ್ ಉಳಿಯಲಿಲ್ಲ. ಇನ್ನು 40 ದಿನ ಕಳೆದಿದ್ದರೆ 36 ವರ್ಷ ತುಂಬುತ್ತಿತ್ತು.

ಆನಗೋಡು ನಮಗೆ ದೂರ. ಆದರೆ ಆ ಹೆದ್ದಾರಿ ದೂರದ್ದಲ್ಲ. ಬೆಂಗಳೂರಿನಿಂದ ತುಮಕೂರು, ಶಿರಾ, ಚಿತ್ರದುರ್ಗ ದಾಟಿ ದಾವಣಗೆರೆಗೆ ಹೋಗೋ ಅದೇ ರಸ್ತೆ ನಮ್ಮ ಹಿರೇಹಳ್ಳಿ ಪಕ್ಕದಲ್ಲೇ ಹಾದುಹೋಗುತ್ತೆ. ಆಗ ಅದು ಈಗಿನಷ್ಟು ಅಗಲವಿರಲಿಲ್ಲ. ಹೋಗೋ ಗಾಡಿ, ಬರೋ ಗಾಡಿ ಎಲ್ಲಕ್ಕೂ ಒಂದೇ ದಾರಿ. ರಸ್ತೆ ದಾಟಿ ಶಾಲೆಗೆ ಬರೋ ತಮ್ಮ ತಂಗಿಯರು ಎರಡೂ ಕಡೆ ನೋಡಿಕೊಂಡು ದಾಟಿ.

ಅರುಂಧತಿಯವರು ಚೇತರಿಸಿಕೊಂಡು ಮತ್ತೆ ರಂಗಕ್ಕೆ ಬಂದರು. ಗಂಡ ಕಂಡಿದ್ದ ನಾಟಕ ಮಂದಿರದ ಕನಸನ್ನು ಹಿಡಿದು ವರ್ಷಗಟ್ಟಲೆ ಓಡಾಡಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಒಂದು ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ಒಂದಾನೊಂದು ಕಾಲದಲ್ಲಿ ಹಾಕಿಸಿಕೊಡಿ. ಸಾಂಗ್ಲಿಯಾನನೇ ದೊಡ್ಡವನೋ ಗಂಡುಗಲಿಯೋ ಅನ್ನೋ ವಾದವನ್ನು ಮುಂದಿನ ಸಂಚಿಕೆಯಲ್ಲಿ ಮುಂದುವರಿಸೋಣ. ಬರೆಯೋರು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಕೊಡಿ.